ಬಹುಮತದ ಧರ್ಮ: ಚಿಕ್ಕಮಗಳೂರಿನ ಪ್ರಕರಣದಿಂದ ಬೊಮ್ಮಾಯಿ ತೀರ್ಪಿನವರೆಗೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳ ನಡುವೆ ಬಾಳುವ ನಮಗೆ ಚುನಾವಣೆಯೆಂಬುದು ಅಪರೂಪದ ಸಂಗತಿಯಲ್ಲ. ಗ್ರಾಮ ಪಂಚಾಯಿತಿಯಿಂದ ಮೊದಲ್ಗೊಂಡು ಹಾಲು ಉತ್ಪಾದಕರ ಸಂಘ, ಸೇವಾ ಸಹಕಾರ ಸಂಘ, ಕೊಬ್ಬರಿಯ ವಹಿವಾಟು ನಡೆಯುವ ಮಾರುಕಟ್ಟೆ ಸಮಿತಿಯವರೆಗೆ ಒಂದಲ್ಲ ಒಂದು ಕಡೆ ಮತ ಹಾಕುವುದು, ಗೆಲ್ಲುವುದು, ಸೋಲುವುದು ನಡೆದೇ ಇರುತ್ತದೆ. ಎಣಿಕೆಯ ದಿನದ ಪಟಾಕಿಯ ಸದ್ದು ಅಡಗಿದ ಮೇಲೆ ಊರಿನಲ್ಲಿ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಸೋತವರ ಕೇರಿಯ ಬೀದಿದೀಪ ಕೆಟ್ಟರೆ ಅದನ್ನು ಸರಿಪಡಿಸುವವರು ಯಾರು? ಅವರ ಬೀದಿಯ ನಲ್ಲಿಯಲ್ಲಿ ಮೊದಲಿನಂತೆಯೇ ನೀರು ಬರುವುದೆ? ಸಂಘದ ಸಭೆಯಲ್ಲಿ ಅವರು ಎದ್ದು ನಿಂತು ಲೆಕ್ಕ ಕೇಳಿದರೆ ಉತ್ತರ ದೊರೆಯುವುದೆ? ಈ ಪ್ರಶ್ನೆಗೆ ಪ್ರತಿ ಊರಿನಲ್ಲಿಯೂ ಬೇರೆ ಬೇರೆ ಉತ್ತರವಿದೆ ಎಂಬುದು ತಮಗೆ ವಿದಿತವೇ ಇದೆ.

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಪಂಕ್ತಿಭೇದವೆಂಬ ಮಾತನ್ನು ವಿವರಿಸಬೇಕಾಗಿಲ್ಲ. ಬಡಿಸುವವನ ಕೈಯಲ್ಲಿ ಸೌಟು ಇರುವುದು ನಿಜ. ಆದರೆ ಪಂಕ್ತಿಯ ಈ ತುದಿಯಲ್ಲಿ ಕುಳಿತವನಿಗೆ ತುಪ್ಪ, ಆ ತುದಿಯಲ್ಲಿ ಕುಳಿತವನಿಗೆ ಬರಿಯ ಸಾರು ಎಂದಾದರೆ ಅದು ದಾಸೋಹವಲ್ಲ. ಶಾಸನ ಸಭೆಯಲ್ಲಿ ಹೊಸದಾಗಿ ಬಹುಮತ ಪಡೆದ ಪಕ್ಷವು ಅಲ್ಪಮತಕ್ಕೆ ಇಳಿದ ಪಕ್ಷವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ವಿಚಾರವೂ ಮೂಲದಲ್ಲಿ ಇದೇ ಆಗಿದೆ. "ಅವರು ಅಧಿಕಾರದಲ್ಲಿದ್ದಾಗ ನಮಗೆ ನ್ಯಾಯ ಮಾಡಿದರೆ? ಈಗ ನಾವೇಕೆ ಮಾಡಬೇಕು?" ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಈ ಮಾತು ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಅದು ಎಲ್ಲಿಗೆ ಮುಟ್ಟಿಸುತ್ತದೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. 1975ರಿಂದ 1994ರವರೆಗಿನ ಎರಡು ದಶಕಗಳಲ್ಲಿ ನಮ್ಮ ಕನ್ನಡ ನಾಡೇ ಅದನ್ನು ಕಣ್ಣಾರೆ ಕಂಡಿದೆ. ಆ ಕಥೆಯನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಅದಕ್ಕೆ ಮುನ್ನ ಒಂದು ಮಾತು. ಶರಣ ಪರಂಪರೆಯ ಮಹಾಕೃತಿಗಳಲ್ಲೊಂದಾದ ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿ, ಗೂಳೂರ ಸಿದ್ಧವೀರಣಾರ್ಯರವರೆಗೆ ಹಲವರು ಅದನ್ನು ಪರಿಷ್ಕರಿಸಿದರು. ಆ ಕೃತಿ ಆದ್ಯಂತವಾಗಿ ಸಂವಾದ ರೂಪದಲ್ಲಿದೆ. ಸಿದ್ಧರಾಮ, ಮುಕ್ತಾಯಕ್ಕ, ಅಕ್ಕಮಹಾದೇವಿ ಇವರೆಲ್ಲ ಪ್ರಶ್ನಿಸುತ್ತಾರೆ, ಪ್ರತಿವಾದ ಮಾಡುತ್ತಾರೆ. ಶೂನ್ಯ ಸಿಂಹಾಸನದ ಅಧ್ಯಕ್ಷರಾದ ಅಲ್ಲಮಪ್ರಭುಗಳ ಮಾತನ್ನು ಒಪ್ಪದವರ ಮಾತನ್ನೂ ಸಂಕಲನಕಾರರು ಕಿತ್ತುಹಾಕಲಿಲ್ಲ, ಮೊಟಕುಗೊಳಿಸಲಿಲ್ಲ. ಒಪ್ಪದವನ ಮಾತು ಪೂರ್ಣವಾಗಿ ದಾಖಲಾಗದೆ ಸಿದ್ಧಾಂತ ಪೂರ್ಣವಾಗದೆಂಬ ತಿಳಿವು ಅವರಿಗಿತ್ತು. ಆಧುನಿಕ ಸಂಸತ್ತಿನ ನಡಾವಳಿ ಪುಸ್ತಕವೂ ಇದೇ ನಂಬಿಕೆಯ ಮೇಲೆ ನಿಂತಿದೆ.

ಇನ್ನು ಇತಿಹಾಸಕ್ಕೆ ಬರೋಣ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದ ವಿರೋಧ ಪಕ್ಷದ ಸಂಸದರು ಇದ್ದುದು ನಮ್ಮ ಬೆಂಗಳೂರಿನಲ್ಲಿ. ಪಕ್ಷಾಂತರವನ್ನು ತಡೆಯುವ ಮಸೂದೆಯ ಕುರಿತು ಸಂಸದೀಯ ಸಮಿತಿಯ ಸಭೆಗೆಂದು ಅವರು ಬಂದಿದ್ದರು. ಮಾರನೆಯ ದಿನ ಅವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಸಂಸತ್ತಿನ ಕೆಲಸಕ್ಕಾಗಿಯೇ ಬಂದವರು ಆ ಕೆಲಸ ಮುಗಿಸುವ ಮುನ್ನ ಸೆರೆಮನೆ ಸೇರಿದ್ದು ವಿಧಿಯ ಅಣಕವಲ್ಲದೆ ಮತ್ತೇನು! ರಾಜ್ಯ ವಿಧಾನಸಭೆಯಲ್ಲಿ 1972ರಿಂದ ವಿರೋಧ ಪಕ್ಷದ ನಾಯಕರಾಗಿದ್ದ ಹೆಚ್. ಡಿ. ದೇವೇಗೌಡರೂ ಅದೇ ಕಾರಾಗೃಹದಲ್ಲಿ ಇರಬೇಕಾಯಿತು. ಹೀಗೆ ಎದುರಾಡುವವರ ಪೈಕಿ ಹಲವರು ಸೆರೆಯಲ್ಲಿದ್ದ ಕಾಲದಲ್ಲಿಯೇ ಸಂವಿಧಾನದ 42ನೆಯ ತಿದ್ದುಪಡಿ ಅಂಗೀಕೃತವಾಗಿ ಲೋಕಸಭೆಯ ಅವಧಿ ಐದು ವರ್ಷದಿಂದ ಆರು ವರ್ಷಕ್ಕೆ ಏರಿತು. ಸದನದಲ್ಲಿ ನಡೆದುದನ್ನು ಪತ್ರಿಕೆಗಳು ನಿರ್ಭೀತಿಯಿಂದ ವರದಿ ಮಾಡಲು ರಕ್ಷಣೆ ನೀಡಿದ್ದ 1956ರ ಕಾಯಿದೆಯೂ 1976ರಲ್ಲಿ ರದ್ದಾಯಿತು. ಅಲ್ಪಮತದವನು ಸದನದಲ್ಲಿ ಮಾತನಾಡಿದರೂ ಅದು ಹೊರಗೆ ಕೇಳಿಸಬಾರದೆಂಬುದೇ ಅದರ ಅರ್ಥ.

1977ರ ಮಾರ್ಚಿಯಲ್ಲಿ ಕಾಲಚಕ್ರ ತಿರುಗಿತು. ಸೆರೆಮನೆಯಲ್ಲಿದ್ದವರು ಜನತಾ ಪಕ್ಷದ ಹೆಸರಿನಲ್ಲಿ ಅಧಿಕಾರಕ್ಕೆ ಬಂದರು. (ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ದೊರೆತವೆಂಬುದನ್ನೂ ಇಲ್ಲಿ ಸ್ಮರಿಸಬೇಕು, ಉತ್ತರದ ಗಾಳಿ ನಮ್ಮ ತೋಟಗಳನ್ನು ಮುಟ್ಟಿರಲಿಲ್ಲ.) ಹತ್ತೊಂಬತ್ತು ತಿಂಗಳು ಸೆರೆ ಅನುಭವಿಸಿದವರಿಗೆ ಸೇಡು ತೀರಿಸಿಕೊಳ್ಳಬೇಕೆಂಬ ಬಯಕೆ ಹುಟ್ಟಿದ್ದರೆ ಅಚ್ಚರಿಯಿಲ್ಲ. ಅದಾಗ್ಯೂ ಅವರು ಮೊದಲ ವರ್ಷದಲ್ಲಿ ಮಾಡಿದ ಕೆಲವು ಕಾರ್ಯಗಳನ್ನು ಮುಕ್ತಕಂಠದಿಂದ ಹೊಗಳಲೇಬೇಕು. ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕನಿಗೆ ಕಾಯಿದೆಯ ಮಾನ್ಯತೆ, ಸಂಬಳ, ಸೌಲಭ್ಯಗಳನ್ನು ನೀಡುವ ಶಾಸನ 1977ರಲ್ಲಿಯೇ ಬಂದಿತು. ಯಾವ ಪಕ್ಷ ತಮ್ಮನ್ನು ಸೆರೆಗೆ ತಳ್ಳಿತ್ತೋ ಅದೇ ಪಕ್ಷದ ನಾಯಕನಿಗೆ ಇವರು ಪೀಠ ಹಾಕಿಕೊಟ್ಟರು. ಪತ್ರಿಕೆಗಳಿಗೆ ರಕ್ಷಣೆ ನೀಡುವ ಕಾಯಿದೆಯೂ ಮರಳಿ ಬಂದಿತು. 42ನೆಯ ತಿದ್ದುಪಡಿಯ ಕೆಡುಕನ್ನು ನಿವಾರಿಸಿದ 44ನೆಯ ತಿದ್ದುಪಡಿ 1978ರಲ್ಲಿ ಸಾಧ್ಯವಾದುದಾದರೂ ಹೇಗೆ? ರಾಜ್ಯಸಭೆಯಲ್ಲಿ ಜನತಾ ಪಕ್ಷಕ್ಕೆ ಬಹುಮತವಿರಲಿಲ್ಲ. ಅಲ್ಲಿ ಕಾಂಗ್ರೆಸ್ ಸದಸ್ಯರು ಕೆಲವು ವಿಧಿಗಳನ್ನು ಕೈಬಿಡಿಸಿ ಉಳಿದುವನ್ನು ಒಪ್ಪಿಕೊಂಡರು. ಒಂದು ಸದನದಲ್ಲಿ ಅಲ್ಪಮತವಾದದ್ದು ಇನ್ನೊಂದರಲ್ಲಿ ಬಹುಮತವಾಗಿರಬಹುದೆಂಬ ಪಾಠ ಅಲ್ಲಿಯೇ ದೊರೆಯಿತು.

ಆದರೆ ಅದೇ ಕೈಗಳು ಬೇರೆ ಕೆಲಸವನ್ನೂ ಮಾಡಿದವು. 1977ರ ಏಪ್ರಿಲ್ ಮುಗಿಯುವ ಮುನ್ನ ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ ಮೊದಲಾದ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡಿ ವಿಧಾನಸಭೆಗಳನ್ನು ವಿಸರ್ಜಿಸಲಾಯಿತು. ಲೋಕಸಭಾ ಚುನಾವಣೆಯಲ್ಲಿ ಸೋತುದರಿಂದ ರಾಜ್ಯದಲ್ಲಿಯೂ ಅವರಿಗೆ ಜನರ ವಿಶ್ವಾಸವಿಲ್ಲವೆಂಬುದು ಕೇಂದ್ರದ ವಾದ. ಆ ರಾಜ್ಯಗಳ ಜನರು ವಿಧಾನಸಭೆಗೆ ಬೇರೆಯಾಗಿಯೇ ಮತ ನೀಡಿದ್ದರೆಂಬ ಮಾತಿಗೆ ಕಿವಿ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯವೂ ಅಂದು ಅಡ್ಡಿಪಡಿಸಲಿಲ್ಲ. ಅದೇ ವರ್ಷದ ಡಿಸೆಂಬರ್ 31ರಂದು ನಮ್ಮ ರಾಜ್ಯದ ಸರದಿ ಬಂದಿತು. ಕಾಂಗ್ರೆಸ್ಸಿನ ಒಳಜಗಳವನ್ನು ಕಾರಣವಾಗಿಟ್ಟುಕೊಂಡು, ಸದನದಲ್ಲಿ ಬಲಾಬಲ ಪರೀಕ್ಷೆಯಾಗುವ ಮೊದಲೇ ದೇವರಾಜ ಅರಸರ ಸರ್ಕಾರವನ್ನು ವಜಾ ಮಾಡಲಾಯಿತು. ಇದರಿಂದ ತನಗೆ ಲಾಭವೆಂದು ಜನತಾ ಪಕ್ಷ ಎಣಿಸಿದ್ದರೆ ಆ ಎಣಿಕೆ ಎರಡೇ ತಿಂಗಳಲ್ಲಿ ಹುಸಿಯಾಯಿತು. 1978ರ ಫೆಬ್ರವರಿಯ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಅರಸರ ಪಕ್ಷಕ್ಕೆ 149, ಜನತಾ ಪಕ್ಷಕ್ಕೆ 59. ಸದನದಲ್ಲಿ ಕೇಳದೆ ಕಿತ್ತುಕೊಂಡುದನ್ನು ಜನರು ಮತಪೆಟ್ಟಿಗೆಯಲ್ಲಿ ಮರಳಿಸಿದರು. ಹೊಸ ಸದನದಲ್ಲಿ ಜನತಾ ಪಕ್ಷದ ಪರವಾಗಿ ವಿರೋಧ ಪಕ್ಷದ ನಾಯಕರಾದವರು ಎಸ್. ಆರ್. ಬೊಮ್ಮಾಯಿಯವರು. ಈ ಹೆಸರನ್ನು ಮನಸ್ಸಿನಲ್ಲಿಡಬೇಕೆಂದು ಓದುಗರಲ್ಲಿ ವಿನಂತಿ.

ಈಗ ಚಿಕ್ಕಮಗಳೂರಿನ ಪ್ರಕರಣ. ಅರಸೀಕೆರೆಯನ್ನು ದಾಟಿದರೆ ನಮಗೆ ನೆರೆಯಂತೆಯೇ ಇರುವ ಜಿಲ್ಲೆ ಅದು. ಅಲ್ಲಿನ ಲೋಕಸಭಾ ಸದಸ್ಯ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರು 1978ರ ನವೆಂಬರಿನಲ್ಲಿ ಅಲ್ಲಿ ಉಪಚುನಾವಣೆಗೆ ನಿಂತರು. ಜನತಾ ಪಕ್ಷದ ಅಭ್ಯರ್ಥಿ ನಮ್ಮವರೇ ಆದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ದೇಶದ ಎಲ್ಲ ಕಡೆಯ ಪತ್ರಕರ್ತರೂ ಕಾಫಿ ತೋಟಗಳ ನಡುವೆ ಬಂದು ಬೀಡುಬಿಟ್ಟರು. ತುರ್ತು ಪರಿಸ್ಥಿತಿಯ ಅನ್ಯಾಯಗಳೆಲ್ಲ ಮತದಾರರ ಮುಂದೆ ಬಿಚ್ಚಿಡಲ್ಪಟ್ಟವು. ಎಲ್ಲವನ್ನೂ ಕೇಳಿಯೇ ಚಿಕ್ಕಮಗಳೂರಿನ ಜನ ತೀರ್ಮಾನ ಮಾಡಿದರು. ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆ ತೀರ್ಮಾನ ಸರಿಯೆ ತಪ್ಪೆ ಎಂಬುದರಲ್ಲಿ ಅಂದೂ ಭಿನ್ನಾಭಿಪ್ರಾಯವಿತ್ತು, ಇಂದೂ ಇದೆ. ತೀರ್ಮಾನಿಸುವ ಅಧಿಕಾರ ಅವರದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಒಂದೂವರೆ ತಿಂಗಳೂ ಕಳೆಯಲಿಲ್ಲ. ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ ಒಂದು ವರದಿ ನೀಡಿತ್ತು. 1975ರಲ್ಲಿ ಮಾರುತಿ ಸಂಸ್ಥೆಯ ಕುರಿತು ಸದಸ್ಯರು ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಕಿರುಕುಳವಾಯಿತು, ಅದಕ್ಕೆ ಅಂದಿನ ಪ್ರಧಾನಿ ಹೊಣೆ ಎಂಬುದು ಅದರ ಸಾರ. ಆರೋಪ ಹಗುರವಾದುದೇನೂ ಅಲ್ಲ. ಅಲ್ಪಮತದ ಸದಸ್ಯ ಕೇಳಿದ ಪ್ರಶ್ನೆಗೆ ಉತ್ತರ ಬಾರದಂತೆ ಮಾಡುವುದೇ ನಿಜವಾಗಿ ಅಲ್ಪಮತಕ್ಕೆ ಬಗೆಯುವ ದ್ರೋಹ. ಹಾಗಿರುವಾಗ ಅದಕ್ಕೆ ಶಿಕ್ಷೆ ಬೇಡವೆ ಎಂದು ತಾವು ಕೇಳಬಹುದು. ಬೇಕು, ಛೀಮಾರಿ ಹಾಕಬಹುದಿತ್ತು, ನ್ಯಾಯಾಲಯಕ್ಕೆ ಒಪ್ಪಿಸಬಹುದಿತ್ತು. ಆದರೆ 1978ರ ಡಿಸೆಂಬರ್ 19ರಂದು, ಪ್ರಧಾನಿ ಮೊರಾರ್ಜಿ ದೇಸಾಯಿಯವರು ಮಂಡಿಸಿದ ನಿರ್ಣಯದಂತೆ, ಲೋಕಸಭೆಯು ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಸೆರೆಮನೆಗೆ ಕಳುಹಿಸಿತು. ಪರವಾಗಿ 279 ಮತಗಳು, ವಿರುದ್ಧವಾಗಿ 138. ಮೂವತ್ತೇಳು ಸದಸ್ಯರು ಯಾವ ಕಡೆಗೂ ಮತ ನೀಡದೆ ತಟಸ್ಥರಾದರು. ಆ ಮೂವತ್ತೇಳು ಮಂದಿಯ ಮನಸ್ಸಿನಲ್ಲಿ ಅಂದು ಏನಿತ್ತೋ!

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ತಪ್ಪು ನಡೆದುದು ಐದನೆಯ ಲೋಕಸಭೆಯ ಕಾಲದಲ್ಲಿ, ಶಿಕ್ಷೆ ವಿಧಿಸಿದುದು ಆರನೆಯ ಲೋಕಸಭೆ. ಈ ನಡುವೆ ಮತದಾರರು ಎರಡು ಸಲ ತೀರ್ಪು ನೀಡಿದ್ದರು, ಒಮ್ಮೆ ರಾಯಬರೇಲಿಯಲ್ಲಿ ವಿರುದ್ಧವಾಗಿ, ಇನ್ನೊಮ್ಮೆ ಚಿಕ್ಕಮಗಳೂರಿನಲ್ಲಿ ಪರವಾಗಿ. ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ಸೆರೆಮನೆಯಲ್ಲಿ ಒಂದು ವಾರ ಕಳೆದವರು ಇಂದಿರಾ ಗಾಂಧಿಯವರು; ಡಿಸೆಂಬರ್ 26ರಂದು ಅವರು ಹೊರಬಂದರು, ಮೊದಲಿಗಿಂತ ಬಲಿಷ್ಠರಾಗಿಯೇ ಬಂದರು. ಆದರೆ ಆರಿಸಿದ ಪ್ರತಿನಿಧಿಯನ್ನು ಕಳೆದುಕೊಂಡವರು ಕೊಪ್ಪದ, ಮೂಡಿಗೆರೆಯ, ಶೃಂಗೇರಿಯ ಮತದಾರರು. ಅವರು ಯಾವ ಹಕ್ಕುಚ್ಯುತಿಯನ್ನೂ ಮಾಡಿರಲಿಲ್ಲ. ಅಲ್ಪಮತದ ಸದಸ್ಯನಿಗೆ ಬಗೆದ ಅನ್ಯಾಯ ಅವನೊಬ್ಬನಲ್ಲಿಯೇ ನಿಲ್ಲುವುದಿಲ್ಲ, ಅವನನ್ನು ಕಳುಹಿಸಿದ ಊರುಗಳವರೆಗೆ ಹರಿಯುತ್ತದೆ. ಸೋತವರ ಕೇರಿಯ ಬೀದಿದೀಪದ ಮಾತನ್ನು ಮೊದಲಿಗೇ ಎತ್ತಿದುದು ಇದೇ ಕಾರಣಕ್ಕಾಗಿ.

ಈ ಉಚ್ಚಾಟನೆಯಿಂದ ದೇಶದಲ್ಲಿ ಎದ್ದ ಗಲಭೆಯಲ್ಲಿ ವಿಚಿತ್ರವಾದುದೊಂದನ್ನು ಹೇಳದಿರಲಾಗದು. ಮಾರನೆಯ ದಿನವೇ ಇಬ್ಬರು ತರುಣರು ಆಟಿಕೆಯ ಪಿಸ್ತೂಲು ತೋರಿಸಿ ಒಂದು ವಿಮಾನವನ್ನು ಅಪಹರಿಸಿ ಇಂದಿರಾ ಗಾಂಧಿಯವರ ಬಿಡುಗಡೆಗೆ ಒತ್ತಾಯಿಸಿದರು. 1980ರಲ್ಲಿ ಅವರಿಬ್ಬರೂ ಉತ್ತರ ಪ್ರದೇಶದ ವಿಧಾನಸಭೆಗೆ ಕಾಂಗ್ರೆಸ್ ಅಭ್ಯರ್ಥಿಗಳಾಗಿ ಆಯ್ಕೆಯಾದರು. ಸದನದೊಳಗಿನ ಮರ್ಯಾದೆ ಕೆಟ್ಟರೆ ಹೊರಗಿನದು ಎಷ್ಟು ದೂರ ಕೆಡುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

1980ರ ಜನವರಿಯಲ್ಲಿ ಕಾಂಗ್ರೆಸ್ 353 ಸ್ಥಾನಗಳೊಡನೆ ಲೋಕಸಭೆಗೆ ಮರಳಿತು. ಫೆಬ್ರವರಿ 17ರಂದು ಅದು ಮಾಡಿದ ಕೆಲಸವೇನು? ಒಂಬತ್ತು ರಾಜ್ಯಗಳ ವಿರೋಧ ಪಕ್ಷದ ಸರ್ಕಾರಗಳನ್ನು ವಜಾ ಮಾಡಿತು. ಸಂಖ್ಯೆಯೂ ಒಂಬತ್ತೇ, ವಾದವೂ ಅದೇ: ಲೋಕಸಭಾ ಚುನಾವಣೆಯಲ್ಲಿ ಸೋತವರಿಗೆ ರಾಜ್ಯದಲ್ಲಿ ಆಳುವ ಹಕ್ಕಿಲ್ಲ. ಜನತಾ ಪಕ್ಷದವರಿಗೆ ಇದನ್ನು ಖಂಡಿಸಲು ಬಾಯಿ ಉಳಿದಿರಲಿಲ್ಲ, ಏಕೆಂದರೆ ಆ ವಾದವನ್ನು ಬರೆದುಕೊಟ್ಟವರು ಅವರೇ. 1981ರ ಮೇ 7ರಂದು ಹೊಸ ಲೋಕಸಭೆಯು 1978ರ ಉಚ್ಚಾಟನೆಯನ್ನೂ ರದ್ದುಗೊಳಿಸಿತು. ಒಂದು ಬಹುಮತ ಬರೆದುದನ್ನು ಇನ್ನೊಂದು ಬಹುಮತ ಅಳಿಸಿತು. ಚಿಕ್ಕಮಗಳೂರಿನವರು ಕಳೆದುಕೊಂಡ ಕಾಲವನ್ನು ಮಾತ್ರ ಯಾವ ನಿರ್ಣಯವೂ ಮರಳಿಸಲಾರದು.

ಇಲ್ಲಿಂದ ಮುಂದೆ ಕಥೆ ಪೂರ್ತಿಯಾಗಿ ನಮ್ಮ ವಿಧಾನಸೌಧದ್ದು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಜನತಾ ಪಕ್ಷಕ್ಕಿದ್ದುದು 95 ಸ್ಥಾನ, ಕಾಂಗ್ರೆಸ್ಸಿಗೆ 82. ಅನ್ಯರ ಬೆಂಬಲದಿಂದ ನಿಂತ ಸರ್ಕಾರ ಅದು. ಚಿಕ್ಕಮಗಳೂರಿನ ಸ್ಥಾನ ತ್ಯಾಗ ಮಾಡಿದ್ದ ಚಂದ್ರೇಗೌಡರೇ ಆ ಸದನದ ಸಭಾಧ್ಯಕ್ಷರಾದುದು ಕಾಲದ ಇನ್ನೊಂದು ಚಮತ್ಕಾರ. ಆ ವರ್ಷವೇ ಅಂಗೀಕಾರವಾದ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆ ರಾಷ್ಟ್ರಪತಿಗಳ ಅಂಕಿತಕ್ಕಾಗಿ 1985ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಹೆಗಡೆಯವರು 139 ಸ್ಥಾನಗಳ ಸ್ವಂತ ಬಹುಮತ ಪಡೆದಿದ್ದರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು.

"ನೀರ್ ಸಾಬ್" ಎಂದು ಹಳ್ಳಿಗಳ ಬಾಯಲ್ಲಿ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬರು ಈ ಕಾಯಿದೆಯ ಬೆನ್ನೆಲುಬು. ನಾಲ್ಕನೆಯ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು, ಹಿರಿಯ ಅಧಿಕಾರಿಗಳು ಅವರ ಕೈಕೆಳಗೆ ಕೆಲಸ ಮಾಡಬೇಕಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು. ವಿಧಾನಸಭೆಯಲ್ಲಿ 65 ಸ್ಥಾನಗಳಿಗೆ ಇಳಿದಿದ್ದ ಕಾಂಗ್ರೆಸ್ ಕೆಲವು ಜಿಲ್ಲೆಗಳಲ್ಲಿ ಅಧಿಕಾರ ಹಿಡಿಯಿತು. ಬೆಂಗಳೂರಿನಲ್ಲಿ ಅಲ್ಪಮತವಾದವರು ಜಿಲ್ಲೆಯಲ್ಲಿ ಆಡಳಿತ ನಡೆಸಿದರು, ಹಣವೂ ಅವರ ಕೈಯಿಂದಲೇ ಹಳ್ಳಿಗೆ ಹೋಯಿತು. ಸೋತವನಿಗೂ ಕೆಲಸ ಮಾಡಿ ತೋರಿಸಲು ಒಂದು ಜಾಗವಿರಬೇಕು. ಹೆಗಡೆಯವರ ಸರ್ಕಾರದ ತಪ್ಪುಗಳು ಏನೇ ಇರಲಿ, ಬಹುಮತವೊಂದು ತನ್ನ ಅಧಿಕಾರವನ್ನು ತಾನೇ ಹಂಚಿ ಎದುರಾಳಿಯ ಕೈಗೂ ಕೊಟ್ಟ ಉದಾಹರಣೆ ನಮ್ಮ ರಾಜ್ಯದ ಚರಿತ್ರೆಯಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ನನ್ನ ಭಾವನೆ.

ಮನಸ್ಸಿನಲ್ಲಿಡಿರೆಂದು ಕೋರಿದ್ದ ಹೆಸರಿಗೆ ಈಗ ಬರುತ್ತೇನೆ. 1988ರ ಆಗಸ್ಟಿನಲ್ಲಿ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮರುವರ್ಷದ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ ತಾವು ಹಾಗೆ ಮಾಡಿಲ್ಲವೆಂದು ಮರಳಿ ಬರೆದರು. ಬೊಮ್ಮಾಯಿಯವರು ಬೇಡಿದುದು ಇಷ್ಟೇ: ಸದನವನ್ನು ಕರೆಯಿರಿ, ಅಲ್ಲಿ ಎಣಿಸೋಣ. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ಒಪ್ಪಲಿಲ್ಲ. 1989ರ ಏಪ್ರಿಲ್ 21ರಂದು ಸರ್ಕಾರವನ್ನು ವಜಾ ಮಾಡಿ ವಿಧಾನಸಭೆಯನ್ನು ವಿಸರ್ಜಿಸಲಾಯಿತು. 1977ರಲ್ಲಿ ಅರಸರಿಗೆ ದಕ್ಕದ ಸದನದ ಎಣಿಕೆ 1989ರಲ್ಲಿ ಬೊಮ್ಮಾಯಿಯವರಿಗೂ ದಕ್ಕಲಿಲ್ಲ. ಅಂದು ಕೇಂದ್ರದಲ್ಲಿದ್ದವರು ಜನತಾ ಪಕ್ಷದವರು, ಈಗ ಇದ್ದವರು ಕಾಂಗ್ರೆಸ್ಸಿನವರು. ಬಾವಿ ಒಂದೇ, ತೋಡಿದವರು ಮತ್ತು ಬಿದ್ದವರು ಮಾತ್ರ ಅದಲುಬದಲು.

ಆ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಜನತಾ ದಳಕ್ಕೆ ಉಳಿದುದು 24. ಮುಖ್ಯಮಂತ್ರಿಗಳಾದವರು, ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ಸೋತು, ಬಳಿಕ ಕಾಂಗ್ರೆಸ್ಸಿಗೆ ಮರಳಿದ್ದ ವೀರೇಂದ್ರ ಪಾಟೀಲರು. ಅಷ್ಟು ದೊಡ್ಡ ಬಹುಮತವೂ ಅವರನ್ನು ಕಾಯಲಿಲ್ಲ. 1990ರ ಅಕ್ಟೋಬರಿನಲ್ಲಿ, ಅನಾರೋಗ್ಯದಲ್ಲಿದ್ದ ಅವರನ್ನು ಪಕ್ಷದ ವರಿಷ್ಠರು ಬದಲಾಯಿಸಿದುದು ಹೇಗೆಂಬುದು ನಮ್ಮ ಹಿರಿಯರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಎದುರಾಳಿಗೆ ಸದನದಲ್ಲಿ ಎಣಿಕೆಯ ಅವಕಾಶ ಕೊಡದ ಅಭ್ಯಾಸ ಕೊನೆಗೆ ಸ್ವಂತ ಮನೆಯೊಳಗೂ ಪ್ರವೇಶಿಸುತ್ತದೆ.

ಹೊಸ ಬಹುಮತ ಜಿಲ್ಲಾ ಪರಿಷತ್ತುಗಳನ್ನು ಏನು ಮಾಡಿತು? 1992ರ ಜನವರಿಯಲ್ಲಿ ಅವುಗಳ ಅವಧಿ ಮುಗಿಯಿತು. ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಜಿಲ್ಲಾ ಮಟ್ಟದಲ್ಲಿ ಮತ್ತೆ ಚುನಾಯಿತ ಸಂಸ್ಥೆ ಬಂದುದು 1995ರಲ್ಲಿ. ಅಲ್ಪಮತದವರಿಗೆ ಇದ್ದ ಜಾಗ ಹೋದುದಷ್ಟೇ ಅಲ್ಲ, ಆಳುವ ಪಕ್ಷದ ಹಳ್ಳಿಯ ಕಾರ್ಯಕರ್ತರಿಗೂ ಜಾಗವಿಲ್ಲದಾಯಿತು. ಇದು ಒಂದು ಪಕ್ಷದ ದೋಷವೆಂದು ಯಾರೂ ಬೀಗಬೇಕಾಗಿಲ್ಲ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಆ ಅವಧಿಯಲ್ಲಿ ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳಿದ್ದವು. ನಮ್ಮ ತಾಲ್ಲೂಕುಗಳಲ್ಲಿ ರಸ್ತೆಯ, ಶಾಲೆಯ, ಕುಡಿಯುವ ನೀರಿನ ದೂರನ್ನು ಒಯ್ದವರು ಚುನಾಯಿತ ಸದಸ್ಯರಿಲ್ಲದ ಕಚೇರಿಗಳ ಮುಂದೆ ನಿಂತರು.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದ್ದರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿತು. ಸರ್ಕಾರಕ್ಕೆ ಬಹುಮತವಿದೆಯೆ ಇಲ್ಲವೆ ಎಂಬುದು ತೀರ್ಮಾನವಾಗಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ. ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸಕೂಡದು ಎಂಬುವು ಅದರ ಮುಖ್ಯಾಂಶಗಳು. ಕರ್ನಾಟಕದ ವಜಾ ಸಂವಿಧಾನಬಾಹಿರವೆಂದು ಅಂದು ನಿರ್ಣಯವಾಯಿತು. ಆ ಬಳಿಕ ದೇಶದ ಯಾವ ರಾಜ್ಯದಲ್ಲಿ ಬಿಕ್ಕಟ್ಟು ತಲೆದೋರಿದರೂ ನಮ್ಮ ಕನ್ನಡಿಗರೊಬ್ಬರ ಹೆಸರನ್ನು ವಕೀಲರು ಉಚ್ಚರಿಸುತ್ತಲೇ ಬಂದಿದ್ದಾರೆ. ಗೆದ್ದ ಬೊಮ್ಮಾಯಿಯವರಿಗೆ ಮಾತ್ರ ದೊರೆತುದು ತೀರ್ಪಿನ ಪ್ರತಿಯೊಂದೇ. ನಡುವೆ ಚುನಾವಣೆ ನಡೆದು ಐದು ವರ್ಷ ಸಂದಿತ್ತು, ವಿಸರ್ಜಿತ ಸದನವನ್ನು ಮರಳಿ ಕೂಡಿಸುವಂತಿರಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ರಾಜ್ಯದಲ್ಲಿ ಮತ್ತೆ ಎಣಿಕೆಯಾಯಿತು. ಜನತಾ ದಳ 115 ಸ್ಥಾನಗಳೊಡನೆ ಮರಳಿತು. ಐದು ವರ್ಷದ ಹಿಂದೆ 178 ಇದ್ದ ಕಾಂಗ್ರೆಸ್ 34ಕ್ಕೆ ಇಳಿಯಿತು; 40 ಸ್ಥಾನ ಪಡೆದ ಭಾರತೀಯ ಜನತಾ ಪಕ್ಷ ಅದಕ್ಕಿಂತ ಮುಂದಿತ್ತು. ಹೊಸ ಸದನ ಸೇರಿದಾಗ ವಿರೋಧ ಪಕ್ಷದ ನಾಯಕನ ಪೀಠದಲ್ಲಿ ಕುಳಿತವರು ಬಿ. ಎಸ್. ಯಡಿಯೂರಪ್ಪನವರು. ಸದನದ ಮುಕ್ಕಾಲು ಭಾಗವನ್ನು ತುಂಬಿದ್ದ ಪಕ್ಷಕ್ಕೆ ಆ ಪೀಠವೂ ಸಿಗಲಿಲ್ಲ.